ಎಂಎಸ್ಸಿ ಮುಗೀತು, ಮುಂದ ಕ್ಯಾನ್ಸರ್ ಮಾಲಿಕ್ಯುಲರ್ ಬಯಾಲಜಿ: ಕಲಬುರಗ್ಯಾಗೇ ಪಿಎಚ್‌ಡಿ ಸೇರ್ಲೋ, ನೆಟ್ ಬರೆದು ಹೊರಗ ಹೋಗ್ಲೋ?

ಶಹಾಬಾದಿಕಲ್ಲು ಕೇಳ್ಯಾರ:

ಬಯೋಟೆಕ್ನಾಲಜಿ ಎಂಎಸ್ಸಿ ಈ ವರ್ಷ ಮುಗೀತು. ಸದ್ಯ ಕಲಬುರಗಿಯೊಳಗೇ ಇದ್ದೀನಿ. ಮುಂದ ಕ್ಯಾನ್ಸರ್ ಮಾಲಿಕ್ಯುಲರ್ ಬಯಾಲಜಿನೇ ಮಾಡ್ಬೇಕಂತ ಗಟ್ಟಿ ಮಾಡೀನಿ. ಇಲ್ಲೇ ಒಬ್ಬರು ಗೈಡ್ ಸೀಟು ಕೊಡ್ತೀನಿ ಅಂದಾರ, ಆದ್ರ ಫೆಲೋಶಿಪ್ ಇಲ್ಲ. ವಿಷಯ ಏನಂದ್ರ, ನಮ್ ಕಡೆ ಸಿಗೋ ಒಂದು ಗಿಡದ ಎಲಿ ಮೆಥನಾಲ್‌ದಾಗ ಸಾರ ತೆಗೆದು ಎಂಸಿಎಫ್-7 ಅನ್ನೋ ಸ್ತನ ಕ್ಯಾನ್ಸರ್ ಸೆಲ್ ಮ್ಯಾಲ ಹಾಕೋದು, ಎಂಟಿಟಿ (ಎಷ್ಟು ಸೆಲ್ ಬದುಕ್ಯಾವ ಅಂತ ಬಣ್ಣದಿಂದ ಅಳೆಯೋ ಪರೀಕ್ಷೆ) ಮಾಡಿ ಐಸಿ50 (ಅದನ್ನ ಅರ್ಧಕ್ಕ ಇಳಿಸೋ ಪ್ರಮಾಣ) ತೆಗೆಯೋದು, ಆಮ್ಯಾಲ ಕ್ಯಾಸ್ಪೇಸ್-3 ಪ್ರೋಟೀನಿನ ವೆಸ್ಟರ್ನ್ (ಪ್ರೋಟೀನನ್ನ ಬ್ಯಾಂಡ್ ಆಗಿ ನೋಡೋ ಪರೀಕ್ಷೆ) ಮಾಡಿ ಅಪೊಪ್ಟೋಸಿಸ್ (ಸೆಲ್ ತಾನಾಗೇ ಸಾಯೋದು) ತೋರ್ಸೋದು. ನಮ್ಮ ಭಾಗದಾಗ ಗುಟ್ಕಾ, ತಂಬಾಕು ಜಾಸ್ತಿ ಅಲ್ಲ, ಅದಕ್ಕ ಬಾಯಿ ಕ್ಯಾನ್ಸರಿಗೆ ಕೆಬಿ ಸೆಲ್ ಲೈನೂ ಸೇರ್ಸೋಣ ಅಂತಾರ.

ನೆಟ್ (ಫೆಲೋಶಿಪ್ಪಿನ ರಾಷ್ಟ್ರೀಯ ಪರೀಕ್ಷೆ) ಒಮ್ಮೆ ಬರ್ದಿದ್ದೆ, ಆಗ್ಲಿಲ್ಲ. 371ಜೆ ಸರ್ಟಿಫಿಕೇಟ್ ಅದ, ಅದು ಎಲ್ಲಿಯರ ಉಪಯೋಗ ಆಗ್ತದೇನು? ಈ ಸಿನಾಪ್ಸಿಸ್ ಚಲೋ ಅದನೋ ಇಲ್ಲೋ? ಗೊತ್ತಿದ್ದವ್ರು ಬಿಚ್ಚಿ ಹೇಳ್ರಿ, ಬೇಜಾರಿಲ್ಲ.

---

ಬೀದರಕೋಟೆ:

ಮೊದಲ ರೊಕ್ಕದ ಮಾತು ಮುಗಿಸೋಣ, ಯಾಕಂದ್ರ ಉಳಿದಿದ್ದೆಲ್ಲಾ ಅದರ ಮ್ಯಾಲೇ ನಿಂತದ. ನೆಟ್‌ದಿಂದ ಸಿಗೋ ಜೆಆರ್‌ಎಫ್ (ಜೂನಿಯರ್ ಫೆಲೋಶಿಪ್) ಇದ್ರ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮ್ಯಾಲ ಎಸ್‌ಆರ್‌ಎಫ್ (ಸೀನಿಯರ್) ಆದ್ರ 42,000, ಮ್ಯಾಲ ಮನಿ ಬಾಡಿಗೆ ಭತ್ಯೆ. 2023ರ ಜನವರಿಯಿಂದ ಇದೇ ದರ. ಅದಕ್ಕಿಂತ ದೊಡ್ಡದು ಏನಂದ್ರ, ನಿಮ್ಮ ರೊಕ್ಕ ನೀವೇ ತರ್ತೀರಿ ಅಂದ್ರ ಗೈಡನ್ನ ನೀವು ಆರಿಸ್ತೀರಿ. ಇಲ್ಲಂದ್ರ ಗೈಡ್ ನಿಮ್ಮನ್ನ ಆರಿಸ್ತಾರ, ವಿಷಯನೂ ಅವರೇ ಕೊಡ್ತಾರ.

371ಜೆ ಬಗ್ಗೆ ಭಾಳ ಮಂದಿಗೆ ಗೊಂದಲ ಅದ. ಅದು ಕಲ್ಯಾಣ ಕರ್ನಾಟಕದ ಸೀಟು ಮತ್ತ ರಾಜ್ಯ ಸರ್ಕಾರದ ನೌಕರಿಗೆ. ನೆಟ್, ಗೇಟ್, ಐಐಎಸ್ಸಿ, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಇವ್ಯಾವುದ್ರಾಗೂ ಅದನ್ನ ಕೇಳಂಗಿಲ್ಲ. ಅಲ್ಲಿ ಕೇಂದ್ರದ ಮೀಸಲಾತಿ ಒಂದೇ ನಡೀತದ. ಒಬಿಸಿ ಇದ್ರ ಕೇಂದ್ರದ ನಮೂನೆಯ ನಾನ್-ಕ್ರೀಮಿಲೇಯರ್ ಪ್ರಮಾಣಪತ್ರ ಬ್ಯಾರೆ ಮಾಡಿಸ್ಕೋರಿ. ರಾಜ್ಯದ ಪಟ್ಟಿ ಬ್ಯಾರೆ, ಕೇಂದ್ರದ ಪಟ್ಟಿ ಬ್ಯಾರೆ, ನಿಮ್ಮ ಜಾತಿ ಎರಡ್ರಾಗೂ ಅದನೋ ಇಲ್ಲೋ ಮೊದಲ ನೋಡ್ರಿ. ಅರ್ಜಿ ಹಾಕೋ ವಾರದಾಗ ತಹಸೀಲ್ ಕಚೇರಿಗೆ ಓಡಿದ್ರ ಕೆಲಸ ಆಗಂಗಿಲ್ಲ.

ಈಗ ಸಿಎಸ್‌ಐಆರ್ ನೆಟ್, ಲೈಫ್ ಸೈನ್ಸ್. ಮೂರು ತಾಸು, 200 ಅಂಕ. ಎ ಭಾಗದಾಗ 20ರಲ್ಲಿ 15 ಮಾಡ್ಬೇಕು, ಒಂದಕ್ಕ 2 ಅಂಕ. ಬಿ ಭಾಗದಾಗ 50ರಲ್ಲಿ 35, ಅವಕ್ಕೂ 2. ಸಿ ಭಾಗದಾಗ 75ರಲ್ಲಿ ಬರೇ 25, ಒಂದಕ್ಕ 4 ಅಂಕ. ತಪ್ಪಾದ್ರ ಕಾಲು ಭಾಗ ಕಡಿತ. ಅಂದ್ರ ಅರ್ಧ ಪರೀಕ್ಷೆ ಸಿ ಭಾಗದೊಳಗೇ ಅದ, ಅದೂ ಮೂರಕ್ಕ ಒಂದು ಆರಿಸ್ಕೊಳ್ಳೋದು. ಆದ್ರೂ ನಮ್ ಮಂದಿ ಎ-ಯಿಂದ ಶುರು ಮಾಡಿ, ಬಿ ಮುಗ್ಸಿ, ಕಡೀಕ ನಲವತ್ತು ನಿಮಿಷ ಇದ್ದಾಗ ಸಿ ತೆಗೀತಾರ. ತಿರುವು ಮುರುವು ಮಾಡ್ರಿ: ತಲಿ ತಾಜಾ ಇದ್ದಾಗ ಸಿ. ಅಲ್ಲಿ ನೆನಪಿನ ಪ್ರಶ್ನೆ ಕಮ್ಮಿ, ಪ್ರಯೋಗದ ಪ್ರಶ್ನೆ ಜಾಸ್ತಿ. ಜೆಲ್ ಚಿತ್ರ ಕೊಟ್ಟು ಯಾವ ಲೇನ್ ಯಾವುದು ಅಂತ ಕೇಳ್ತಾರ, ಒಂದು ಮ್ಯೂಟೆಂಟ್ ಕೊಟ್ಟು ಸಿಗ್ನಲ್ ಎಲ್ಲಿ ನಿಲ್ತದ ಅಂತ ಕೇಳ್ತಾರ.

ಪಠ್ಯಕ್ರಮದಾಗ 13 ಘಟಕ ಅವ. ಎಲ್ಲಾ ಓದ್ಲಿಕ್ಕೆ ಹೋದ್ರ ಯಾವುದೂ ಹತ್ತಂಗಿಲ್ಲ. ಕ್ಯಾನ್ಸರಿಗೆ ಹೋಗೋರಿಗೆ 1ರಿಂದ 5, ಆಮ್ಯಾಲ 8 ಮತ್ತ 13 ಗಟ್ಟಿ ಇದ್ರ ಸಾಕು. 4ನೇದು ಸೆಲ್ ಸಿಗ್ನಲಿಂಗ್, ಕ್ಯಾನ್ಸರ್ ಅದ್ರಾಗೇ ಬರ್ತದ. 13ನೇದು ವಿಧಾನಗಳು. ಇದನ್ನ ಎಲ್ಲಾರೂ ಕಡೀಗಿಡ್ತಾರ, ಅಂಕ ಮಾತ್ರ ಅಲ್ಲೇ ಬಿದ್ದಿರ್ತಾವ.

ನೆಟ್ ಒಂದೇ ಬಾಗಿಲಲ್ಲ. ಗೇಟ್‌ದಾಗ ಬಯೋಟೆಕ್ನಾಲಜಿ ಪತ್ರಿಕೆ ಅದ, ಲೈಫ್ ಸೈನ್ಸ್ ಪತ್ರಿಕೆನೂ ಅದ. ಡಿಬಿಟಿಯವರ (ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ) ಬೆಟ್ ಪರೀಕ್ಷೆ ಬಯೋಟೆಕ್‌ನವ್ರಿಗೇ ಇದ್ದಂಗ. ಐಸಿಎಂಆರ್ ಜೆಆರ್‌ಎಫ್ ಮ್ಯಾಲೂ ಒಂದು ಕಣ್ಣಿಡ್ರಿ. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಗೆ ಹೋಗ್ಬೇಕಂದ್ರ ಜೆಜೀಬಿಲ್ಸ್ ಅನ್ನೋ ಪ್ರವೇಶ ಪರೀಕ್ಷೆ. ಮುಂಬೈ ಟಾಟಾದವ್ರ ಆಕ್ಟ್ರೆಕ್ ಖಾರ್ಘರ್‌ದಾಗ ಅದ, ಅವರದು ಕ್ಯಾನ್ಸರ್ ಸಂಶೋಧನೆಯದೇ ಪಿಎಚ್‌ಡಿ, ಆಯ್ಕೆನೂ ಅವರೇ ಮಾಡ್ತಾರ. ವಿಶ್ವವಿದ್ಯಾಲಯಕ್ಕ ನೀವು ಮೊದಲ ರ‍್ಯಾಂಕ್ ಇದ್ರ ಇನ್‌ಸ್ಪೈರ್ ಫೆಲೋಶಿಪ್ಪಿಗೆ ಹಾಕ್ರಿ, ನಮ್ ಕಡೆ ಇದು ಗೊತ್ತಿಲ್ದೇ ಬಿಟ್ಟವ್ರೇ ಜಾಸ್ತಿ.

ಸಿನಾಪ್ಸಿಸ್ ಬಗ್ಗೆ ಬೆಂಚಿನ ಮ್ಯಾಲ ಕೆಲಸ ಮಾಡೋರು ಹೇಳ್ಲಿ.

---

ಪಿಪೆಟ್ಟಮ್ಮ:

ಬೇಜಾರಿಲ್ಲ ಅಂದಿದ್ದೀರಿ, ಅದಕ್ಕೆ ನೇರವಾಗಿ ಹೇಳುತ್ತೇನೆ. ಈ ಸಿನಾಪ್ಸಿಸ್‌ನಲ್ಲಿ ಎರಡು ಗುಂಡಿಗಳಿವೆ. ಎರಡೂ ವೈವಾದ ದಿನ ಕಾಣಿಸುವಂಥವು.

ಮೊದಲನೆಯದು, ಎಂಸಿಎಫ್-7 ಸೆಲ್‌ನಲ್ಲಿ ಕೆಲಸ ಮಾಡುವ ಕ್ಯಾಸ್ಪೇಸ್-3 ಇಲ್ಲವೇ ಇಲ್ಲ. ಆ ಜೀನಿನ ಮೂರನೇ ಎಕ್ಸಾನ್‌ನಲ್ಲಿ 47 ಬೇಸ್ ಬಿದ್ದುಹೋಗಿದೆ, ಪ್ರೋಟೀನ್ ತಯಾರಾಗುವುದಿಲ್ಲ. ಆ ಸೆಲ್ ಅಪೊಪ್ಟೋಸಿಸ್‌ನಿಂದ ಸಾಯುತ್ತದೆ ನಿಜ, ಆದರೆ ಕ್ಯಾಸ್ಪೇಸ್-7ರಂಥ ಬೇರೆ ದಾರಿಯಿಂದ. ಡಿಎನ್‌ಎ ತುಂಡಾಗಿ ಜೆಲ್‌ನಲ್ಲಿ ಏಣಿಯಂತೆ ಕಾಣುವುದೂ ಸರಿಯಾಗಿ ಬರುವುದಿಲ್ಲ. ಹಾಗಾಗಿ ಎಂಸಿಎಫ್-7ರಲ್ಲಿ ಯಾರಾದರೂ ಸೀಳಿದ ಕ್ಯಾಸ್ಪೇಸ್-3ರ ದಟ್ಟ ಬ್ಯಾಂಡ್ ತೋರಿಸಿದರೆ ಮೂರರಲ್ಲಿ ಒಂದು: ಆಂಟಿಬಾಡಿ ಬೇರೆ ಯಾವುದಕ್ಕೋ ಅಂಟಿದೆ, ಸೆಲ್ ಎಂಸಿಎಫ್-7 ಅಲ್ಲ, ಅಥವಾ ಆ ಬ್ಯಾಂಡ್ ಎಲ್ಲಿಂದ ಬಂತು ಎಂದು ಕೇಳಬಾರದು.

ಎರಡನೆಯದು ಕೆಬಿ. ಅದು ಬಾಯಿ ಕ್ಯಾನ್ಸರಿನ ಸೆಲ್ ಎಂದು ದಶಕಗಟ್ಟಲೆ ಬಳಸಿದರು. ವಾಸ್ತವದಲ್ಲಿ ಅದು ಹೀಲಾ, ಅಂದರೆ 1951ರಲ್ಲಿ ತೆಗೆದ ಗರ್ಭಕೊರಳಿನ ಕ್ಯಾನ್ಸರಿನ ಸೆಲ್, ಕಲಬೆರಕೆಯಾಗಿ ಬಂದದ್ದು. ಗಂಟಲಿನದು ಎನ್ನುವ ಹೆಪ್-2 ಕಥೆಯೂ ಇದೇ. ಹೀಲಾದಲ್ಲಿ ಎಚ್‌ಪಿವಿ-18 ವೈರಸ್ ಕೂತಿದೆ, ಅದರ ಇ6 ಪ್ರೋಟೀನ್ ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನನ್ನು ಒಡೆದುಹಾಕುತ್ತದೆ. ಅಂಥ ಸೆಲ್ ಮೇಲೆ ಏನೇ ಮಾಡಿ, ಗುಟ್ಕಾ ಜಗಿದವರ ಬಾಯಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಬಾಯಿ ಕ್ಯಾನ್ಸರಿಗೆ ಎಸ್‌ಸಿಸಿ-9, ಎಸ್‌ಸಿಸಿ-25, ಕ್ಯಾಲ್-27 ಇವೆ. ನಮ್ಮ ದೇಶದ ರೋಗಿಯಿಂದ ಬಂದದ್ದೇ ಬೇಕೆಂದರೆ ಆಕ್ಟ್ರೆಕ್‌ನವರ ಎಡಬ್ಲ್ಯೂ13516 ಇದೆ. ಪಕ್ಕದ ಲ್ಯಾಬಿನಿಂದ ಫ್ಲಾಸ್ಕ್ ಎರವಲು ತರಬೇಡಿ. ಪುಣೆಯ ಎನ್‌ಸಿಸಿಎಸ್ ಭಂಡಾರದಂಥ ಕಡೆಯಿಂದ ತರಿಸಿ, ಬಂದ ತಕ್ಷಣ ಒಂದಷ್ಟು ವಯಲ್ ಫ್ರೀಜ್ ಮಾಡಿ, ಸೆಲ್‌ಗಳ ಒಂದು ಉಂಡೆಯನ್ನು (ಪೆಲೆಟ್) ಎಸ್‌ಟಿಆರ್ ಪರೀಕ್ಷೆಗೆ, ಅಂದರೆ ಸೆಲ್ ಯಾವುದೆಂದು ಡಿಎನ್‌ಎಯಿಂದ ಗುರುತಿಸಲು, ಕಳಿಸಿ.

ಇನ್ನು ಎಂಟಿಟಿ. ನಮ್ಮ ಕಡೆಯ ಅರ್ಧ ಥೀಸಿಸ್ ಇದರ ಮೇಲೆ ನಿಂತಿದೆ ಎಂದರೆ ಯಾರಿಗೂ ಸಿಟ್ಟು ಬರಬಾರದು. ವಿಧಾನ ಸುಲಭ: 96 ಗುಂಡಿಯ (ವೆಲ್) ಪ್ಲೇಟಿನಲ್ಲಿ ಒಂದೊಂದಕ್ಕೆ 5,000ದಿಂದ 8,000 ಸೆಲ್, 100 ಮೈಕ್ರೋಲೀಟರ್ ಮೀಡಿಯಂ. ಒಂದು ರಾತ್ರಿ ಅಂಟಲು ಬಿಟ್ಟು ಮರುದಿನ ಸಾರ. 48 ತಾಸಿನ ಮೇಲೆ 5 ಮಿಲಿಗ್ರಾಂ/ಮಿಲಿ ಎಂಟಿಟಿ 10 ಮೈಕ್ರೋಲೀಟರ್, 3-4 ತಾಸು ಕಾಯ್ದು, ಮೀಡಿಯಂ ತೆಗೆದು, ಹರಳನ್ನು 100 ಮೈಕ್ರೋಲೀಟರ್ ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿ 570 ನ್ಯಾನೋಮೀಟರಿನಲ್ಲಿ ಓದುವುದು. ಕೆಡುವುದು ಬೇರೆ ಕಡೆ. ಎಲೆಯ ಸಾರದಲ್ಲಿರುವ ಪಾಲಿಫಿನಾಲ್‌ಗಳು ಸೆಲ್ ಇಲ್ಲದೆಯೂ ಎಂಟಿಟಿಯನ್ನು ನೇರಳೆ ಮಾಡುತ್ತವೆ. ಸೆಲ್ ಸತ್ತಿದ್ದರೂ ಬದುಕಿದೆ ಎಂದು ಯಂತ್ರ ಹೇಳುತ್ತದೆ. ಇದನ್ನು ಹಿಡಿಯಲು ಸೆಲ್ ಹಾಕದೆ, ಮೀಡಿಯಂ ಜೊತೆ ಸಾರ ಮತ್ತು ಎಂಟಿಟಿ ಮಾತ್ರ ಇರುವ ಮೂರು ಗುಂಡಿಗಳನ್ನು ಪ್ರತಿ ಪ್ಲೇಟಿನಲ್ಲೂ ಇಡಿ. ಅಲ್ಲಿ ಬಣ್ಣ ಬಂದರೆ ಸಾರವನ್ನು ತೆಗೆದು ಪಿಬಿಎಸ್ ಎಂಬ ಉಪ್ಪುದ್ರಾವಣದಲ್ಲಿ ಒಮ್ಮೆ ತೊಳೆದು ಹೊಸ ಮೀಡಿಯಂನಲ್ಲಿ ಎಂಟಿಟಿ ಹಾಕಿ. ಆಗಲೂ ಬಂದರೆ ಎಂಟಿಟಿಯನ್ನೇ ಬಿಟ್ಟು ಸತ್ತ, ಸಾಯುತ್ತಿರುವ ಸೆಲ್ ಗುರುತಿಸುವ ಟ್ರಿಪಾನ್ ಬ್ಲೂ ಎಣಿಕೆ ಅಥವಾ ಅನೆಕ್ಸಿನ್ ಮಾಡಿ.

ಮೆಥನಾಲ್ ಪೂರ್ತಿ ಆರಿರಬೇಕು, ಇಲ್ಲವಾದರೆ ಸೆಲ್ ಕೊಂದದ್ದು ಎಲೆಯೋ ಮೆಥನಾಲೋ ತಿಳಿಯುವುದಿಲ್ಲ. ಡಿಎಂಎಸ್‌ಒ ಕೊನೆಗೆ 0.1 ಪ್ರತಿಶತದ ಆಸುಪಾಸು ಇರಲಿ, 0.5 ದಾಟಬಾರದು. ಸಾರ ಹಾಕದ ಗುಂಡಿಗೂ ಅಷ್ಟೇ ಡಿಎಂಎಸ್‌ಒ ಹಾಕಬೇಕು. ಅಂಚಿನ 36 ಗುಂಡಿಗಳಲ್ಲಿ ನೀರು ಬೇಗ ಆರುತ್ತದೆ. ಅಲ್ಲಿ ಪಿಬಿಎಸ್ ತುಂಬಿ ಒಳಗಿನ 60ರಲ್ಲಿ ಮಾತ್ರ ಕೆಲಸ ಮಾಡಿ. ಇಷ್ಟೆಲ್ಲ ಮಾಡಿ ಐಸಿ50 200 ಮೈಕ್ರೋಗ್ರಾಂ/ಮಿಲಿ ಬಂದರೆ ಆ ಗಿಡವನ್ನು ಅಲ್ಲೇ ಬಿಡುವುದು ಜಾಣತನ. ಕಚ್ಚಾ ಸಾರಕ್ಕೆ 20-30ರ ಒಳಗೆ ಬಂದರೆ ಮಾತ್ರ ಮುಂದೆ ಶುದ್ಧೀಕರಿಸುವ ಮಾತು.

ಗಿಡದ ಮೇಲೆ ನನಗೇನೂ ದ್ವೇಷವಿಲ್ಲ. ವಿಂಕ್ರಿಸ್ಟಿನ್ ಬಂದದ್ದು ಮನೆ ಅಂಗಳದ ನಿತ್ಯಪುಷ್ಪದಿಂದಲೇ. ಆದರೆ ಅಣು ಯಾವುದು, ಅದು ಸೆಲ್‌ನೊಳಗೆ ಏನನ್ನು ಹಿಡಿಯುತ್ತದೆ ಎಂಬ ಪ್ರಶ್ನೆ ಸಿನಾಪ್ಸಿಸ್‌ನಲ್ಲಿ ಇಲ್ಲದಿದ್ದರೆ ಅದು ಮಾಲಿಕ್ಯುಲರ್ ಬಯಾಲಜಿ ಆಗುವುದಿಲ್ಲ, ಕಷಾಯದ ಪರೀಕ್ಷೆ ಆಗುತ್ತದೆ.

---

ಸುರಪುರದವ:

ಪಿಪೆಟ್ಟಮ್ಮ ಹೇಳಿದ್ದು ಖರೆ. ನನ್ನ ಮಾತು ಬ್ಯಾರೆ ಕಡಿಂದ: ನೆಟ್ ಓದೋ ಆರು ತಿಂಗಳಾಗ ಲ್ಯಾಬ್ ಇಲ್ಲ ಅಂತ ಸುಮ್ನ ಕೂಡ್ಬ್ಯಾಡ್ರಿ. ಟಿಸಿಜಿಎ ಅಂತ ಅಮೆರಿಕದವ್ರು 33 ನಮೂನಿ ಕ್ಯಾನ್ಸರಿನ 11,000ಕ್ಕೂ ಹೆಚ್ಚು ರೋಗಿಗಳ ಗಡ್ಡೆ ಓದಿ ಪುಕ್ಕಟೆ ಇಟ್ಟಾರ. ಸಿಬಯೋಪೋರ್ಟಲ್ ವೆಬ್‌ಸೈಟ್ ಒಳಗ ಒಂದು ಜೀನಿನ ಹೆಸರು ಹಾಕಿದ್ರ ಅದು ಯಾವ ಕ್ಯಾನ್ಸರ್‌ದಾಗ ಎಷ್ಟು ಕೆಟ್ಟದ ಅಂತ ಫೋನಿನ್ಯಾಗೂ ಕಾಣ್ತದ. ಡೆಪ್‌ಮ್ಯಾಪ್ ವೆಬ್‌ಸೈಟ್ ಒಳಗ ಆ ಜೀನ್ ತೆಗದ್ರ ಯಾವ ಸೆಲ್ ಲೈನ್ ಸಾಯ್ತದ ಅಂತ ಅದ. ಸಿನಾಪ್ಸಿಸ್ ಬರೆಯೋಕಿಂತ ಮೊದಲ ಈ ಎರಡು ಕಡೆ ಅರ್ಧ ದಿನ ಕೂತ್ರ, ಕ್ಯಾಸ್ಪೇಸ್-3ರಂಥ ತಪ್ಪು ಅಲ್ಲೇ ಸಿಗ್ತದ.

ಕೈಯಿಂದ ಮಾಡೋದಾದ್ರ ಟಿಸಿಜಿಎದಿಂದ ತಲಿ-ಕುತ್ತಿಗಿ ಕ್ಯಾನ್ಸರಿನ ಕೌಂಟ್ ಫೈಲ್ (ಒಂದೊಂದು ಜೀನಿನ ಆರ್‌ಎನ್‌ಎ ಓದಿನ ಎಣಿಕಿ) ಇಳಿಸ್ಕೋರಿ. ಗಡ್ಡೆಯ ಮಾದರಿ 500ರ ಮ್ಯಾಲ ಅವ, ಪಕ್ಕದ ಆರೋಗ್ಯವಂತ ಅಂಗಾಂಶ 40ರ ಸುತ್ತ. 8 ಜಿಬಿ ಲ್ಯಾಪ್‌ಟಾಪಿನ್ಯಾಗ ಇಷ್ಟನ್ನ ಡಿಇಸೆಕ್-2 ಅನ್ನೋ ಪ್ರೋಗ್ರಾಂಗೆ ಹಾಕಿದ್ರ ತೆವಳ್ತದ. ಕಮ್ಮಿ ಓದಿನ ಜೀನ್‌ಗಳನ್ನ ಮೊದಲ ಕಿತ್ತಿ ಹಾಕಿ, ಲಿಮ್ಮಾ-ವೂಮ್ ಪ್ರೋಗ್ರಾಂ ಬಳಸ್ರಿ. ಎರಡಕ್ಕೂ ಕಚ್ಚಾ ಎಣಿಕಿ ಬೇಕು. ಎಫ್‌ಪಿಕೆಎಂ, ಟಿಪಿಎಂ ಅನ್ನೋ ಮೊದಲೇ ಸರಿದೂಗಿಸಿದ ಅಂಕಿ ತಗೊಂಡು ಡಿಇಸೆಕ್-2ಕ್ಕ ಹಾಕೋದು ಹೊಸಬರ ನಂಬರ್ ಒಂದು ತಪ್ಪು. ದಶಾಂಶ ಬ್ಯಾಡ ಅಂತ ಪ್ರೋಗ್ರಾಂ ಬೈತದ, ಇವರು ರೌಂಡ್ ಮಾಡಿ ಮತ್ತ ಹಾಕ್ತಾರ!

ಇನ್ನೊಂದು, ಅಲ್ಲಿ ನಾಲಿಗಿ, ಗಂಟಲು, ಬಾಯಿತಳ ಎಲ್ಲಾ ಒಂದೇ ಚೀಲದಾಗ ಅವ. ಎಚ್‌ಪಿವಿ ಇದ್ದ ಗಡ್ಡೆ ಇಲ್ಲದ ಗಡ್ಡೆ ಜೀನ್ ಮಟ್ಟದಾಗ ಬ್ಯಾರೆ ರೋಗನೇ ಅನ್ಬಹುದು. ಅದನ್ನ ಮಾಡೆಲಿನ್ಯಾಗ ಸೇರಿಸ್ದೇ ಇದ್ರ ನಿಮಗ ಸಿಗೋ ಜೀನ್ ಪಟ್ಟಿ ವೈರಸ್ಸಿನದು, ತಂಬಾಕಿನದಲ್ಲ. ನಮ್ ಕಡೆ ಜಾಸ್ತಿ ಇರೋದು ಕೆನ್ನಿ ಒಳಗಿನ ಮತ್ತ ವಸಡಿನ ಕ್ಯಾನ್ಸರ್, ಟಿಸಿಜಿಎದಾಗ ಅಂಥವು ಭಾಳ ಕಮ್ಮಿ. ಭಾರತದ ತಂಡ ಅಂತಾರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದೊಳಗ ಆರಿಸ್ಕೊಂಡಿದ್ದು ಇದನ್ನೇ. 2013ರಾಗ ಬಂದ ಅವರ ಪ್ರಬಂಧದಾಗ ಕೆಟ್ಟ ಜೀನ್ ಅಂತ ಟಿಪಿ53, ಫ್ಯಾಟ್1, ಕ್ಯಾಸ್ಪ್8, ಎಚ್‌ರಾಸ್, ನಾಚ್1 ಜೊತಿಗೆ ಅರಿಡ್2, ಯುಎಸ್‌ಪಿ9ಎಕ್ಸ್ ಅಂಥವೂ ಸಿಕ್ಕಾವ. ನಿಮ್ಮ ಪ್ರಶ್ನೆ ಇಲ್ಲಿಂದ ತೆಗೀರಿ. ಉದಾಹರಣೆಗೆ, ಕ್ಯಾಸ್ಪ್8 ಕೆಟ್ಟಿರೋ ಬಾಯಿ ಕ್ಯಾನ್ಸರ್ ಸೆಲ್ ಸಿಸ್‌ಪ್ಲಾಟಿನ್‌ಗೆ ಹೆಂಗ ನಡ್ಕೋತದ? ಈ ಒಂದೇ ಸಾಲಿನೊಳಗ ಜೀನ್ ಅದ, ಸೆಲ್ ಅದ, ಔಷಧ ಅದ, ಕಂಟ್ರೋಲ್ ಯಾವುದು ಅಂತನೂ ತಾನೇ ಹೊಳೀತದ.

---

ಶಹಾಬಾದಿಕಲ್ಲು:

ಕೆಬಿ ವಿಷಯ ಓದಿ ತಲಿ ಗಿರ್ ಅಂತು. ಗೈಡ್ ಸರಿಗೆ ಹೆಂಗ ಹೇಳ್ಬೇಕು ಅನ್ನೋದು ಬ್ಯಾರೆ ಚಿಂತಿ. ಇನ್ನ ಎರಡು ಕೇಳ್ತೀನಿ. ರೋಗಿಗಳ ಅಂಗಾಂಶದ ಮ್ಯಾಲೇ ಕೆಲಸ ಮಾಡೋದಾದ್ರ ಕಲಬುರಗಿ ಬಿಸಲಾಗ, ಈ ಕರೆಂಟಿನ್ಯಾಗ ಆರ್‌ಎನ್‌ಎ ಉಳೀತದೇನು? ಸೆಲ್ ಕಲ್ಚರ್ ಇಲ್ಲಿ ಆಗ್ತದೇನು? ಮತ್ತ ಹೈದರಾಬಾದಿನ್ಯಾಗ ಪ್ರಾಜೆಕ್ಟ್ ಅಸೋಸಿಯೇಟ್ ಕೆಲಸ ಸಿಕ್ರ ಒಂದು ವರ್ಷ ಹೋಗ್ಲೋ?

---

ಪಿಪೆಟ್ಟಮ್ಮ:

ಗೈಡ್‌ಗೆ ನೀವು ತಪ್ಪು ಎನ್ನಬೇಡಿ. "ಸರ್, ಎಸ್‌ಟಿಆರ್ ವರದಿ ಇಲ್ಲದಿದ್ದರೆ ಜರ್ನಲ್‌ನವರು ವಾಪಸ್ ಕಳಿಸ್ತಾರಂತೆ, ಕೆಬಿ ಬದಲು ಕ್ಯಾಲ್-27 ತರಿಸೋಣವೇ" ಎನ್ನಿ. ಬಹಳಷ್ಟು ಜನ ಒಪ್ಪುತ್ತಾರೆ. ಒಪ್ಪದವರ ಬಳಿ ಐದು ವರ್ಷ ಇರಬೇಕೋ ಬೇಡವೋ ಎನ್ನುವುದಕ್ಕೂ ಉತ್ತರ ಆಗಲೇ ಸಿಕ್ಕಿರುತ್ತದೆ.

ಬಿಸಿಲಿನ ವಿಷಯ. ಸಾಮಾನ್ಯ ಸಿಒ2 ಇನ್‌ಕ್ಯುಬೇಟರ್ ಬಿಸಿ ಮಾಡುತ್ತದೆ, ತಂಪು ಮಾಡುವುದಿಲ್ಲ. ಒಳಗೆ 37 ಡಿಗ್ರಿ ನಿಲ್ಲಬೇಕಾದರೆ ಕೋಣೆ ಅದಕ್ಕಿಂತ ಕನಿಷ್ಠ ಐದು ಡಿಗ್ರಿ ಕೆಳಗಿರಬೇಕು. ಮೇ ತಿಂಗಳಲ್ಲಿ ಹೊರಗೆ 42 ಇದ್ದು, ಏಸಿ ನಿಂತು ಕೋಣೆ 38ಕ್ಕೆ ಏರಿದರೆ ಇನ್‌ಕ್ಯುಬೇಟರ್ ಸುಮ್ಮನೆ ಪೆಟ್ಟಿಗೆಯಾಗುತ್ತದೆ, ಸೆಲ್‌ಗಳು 39-40ರಲ್ಲಿ ಕೂತಿರುತ್ತವೆ. ಹೀಟ್ ಶಾಕ್ ಪ್ರೋಟೀನ್‌ಗಳು ಏರುತ್ತವೆ. ಆ ವಾರದ ವೆಸ್ಟರ್ನ್‌ನಲ್ಲಿ ಕಂಡದ್ದೆಲ್ಲ ಬಿಸಿಲಿನ ಫಲ. ಆದ್ದರಿಂದ ಲ್ಯಾಬ್ ನೋಡಲು ಹೋದಾಗ ಮೈಕ್ರೋಸ್ಕೋಪ್ ಎಷ್ಟು ದೊಡ್ಡದು ಎಂದು ನೋಡಬೇಡಿ. ಕಲ್ಚರ್ ಕೋಣೆಯ ಏಸಿ ಜನರೇಟರ್ ಲೈನಿನ ಮೇಲಿದೆಯೇ, ಮೈನಸ್ 80 ಫ್ರೀಜರಿಗೆ ಬೇರೆ ಬ್ಯಾಕಪ್ ಇದೆಯೇ, ದ್ರವ ಸಾರಜನಕ ಎಷ್ಟು ದಿನಕ್ಕೊಮ್ಮೆ ತುಂಬುತ್ತಾರೆ, ಇಷ್ಟು ಕೇಳಿ. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಇಡುವುದೂ ದ್ರವ ಸಾರಜನಕದಲ್ಲೇ. ಬೀದರಿನಲ್ಲಿ ಪಶು ವಿಶ್ವವಿದ್ಯಾಲಯವೇ ಇದೆ. ಪಶುಪಾಲನೆಯವರಿಗೆ ಪೂರೈಸುವವರು ಯಾರು ಎಂದು ವಿಚಾರಿಸಿದರೆ ದಾರಿ ಸಿಗುತ್ತದೆ.

ಕಲ್ಚರ್ ಕೆಡಿಸುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾವನ್ನು ಮರೆಯಬೇಡಿ. ಅದು 0.22 ಮೈಕ್ರಾನ್ ಫಿಲ್ಟರಿನಲ್ಲೂ ನುಸುಳುತ್ತದೆ, ಮೀಡಿಯಂ ಕದಡುವುದಿಲ್ಲ, ಕೋಶಗೋಡೆಯೇ ಇಲ್ಲದ್ದರಿಂದ ಪೆನ್ಸಿಲಿನ್‌ಗೆ ಬಗ್ಗುವುದಿಲ್ಲ. ಆಂಟಿಬಯಾಟಿಕ್ ಇಲ್ಲದೆ ಎರಡು ಮೂರು ದಿನ ತುಂಬಿ ಬೆಳೆದ ಫ್ಲಾಸ್ಕಿನ ಮೀಡಿಯಂ ತೆಗೆದು ತಿಂಗಳಿಗೊಮ್ಮೆ ಪಿಸಿಆರ್ ಮಾಡಿ. ಬಂದಿದ್ದರೆ ಉಳಿಸುವ ಆಸೆ ಬಿಟ್ಟು ಆಟೋಕ್ಲೇವ್‌ಗೆ ಹಾಕಿ, ಹಳೆಯ ವಯಲ್ ಕರಗಿಸಿ.

ಅಂಗಾಂಶಕ್ಕೆ ಮೊದಲು ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ, ಆಮೇಲೆ ರೋಗಿಗೆ ಅರ್ಥವಾಗುವ ಕನ್ನಡದಲ್ಲಿ ಒಪ್ಪಿಗೆ ಪತ್ರ. ಉರ್ದು, ಮರಾಠಿ, ತೆಲುಗು ಪ್ರತಿಯೂ ಇರಲಿ, ನಮ್ಮ ವಾರ್ಡುಗಳಲ್ಲಿ ಬೇಕೇ ಬೇಕಾಗುತ್ತದೆ. ಇವಿಲ್ಲದೆ ತಂದ ತುಂಡು ಎಷ್ಟು ಚೆನ್ನಾಗಿದ್ದರೂ ಪ್ರಬಂಧಕ್ಕೆ ಬರುವುದಿಲ್ಲ. ಸಮಿತಿ ಕೂಡುವುದೇ ಅಪರೂಪ, ಹಾಗಾಗಿ ಮೊದಲ ವರ್ಷವೇ ಅರ್ಜಿ ಹಾಕಿ. ಶಸ್ತ್ರಚಿಕಿತ್ಸೆಯ ಕೋಣೆಯಿಂದ ಲ್ಯಾಬಿಗೆ ದೂರವಿದ್ದರೆ ಆರ್‌ಎನ್‌ಎ-ಲೇಟರ್ ದ್ರಾವಣ ಒಯ್ಯಿರಿ. ತುಂಡು ಯಾವುದಾದರೂ ಒಂದು ಬದಿಯಲ್ಲಿ ಅರ್ಧ ಸೆಂಟಿಮೀಟರ್‌ಗಿಂತ ತೆಳ್ಳಗಿರಬೇಕು, ಇಲ್ಲವಾದರೆ ನಡುವೆ ಇಳಿಯುವ ಮೊದಲೇ ಆರ್‌ಎನ್‌ಎ ಹೋಗಿರುತ್ತದೆ. ದ್ರಾವಣ ತುಂಡಿನ ಐದರಿಂದ ಹತ್ತು ಪಟ್ಟು. ಆ ದ್ರಾವಣದಲ್ಲಿ 25 ಡಿಗ್ರಿಯಲ್ಲಿ ಒಂದು ವಾರ ಉಳಿಯುತ್ತದೆ, 37ರಲ್ಲಿ ಒಂದೇ ದಿನ. ಕಲಬುರಗಿ ಬೇಸಿಗೆಗೆ ಈ ಎರಡನೇ ಅಂಕಿಯೇ ಅಳತೆ, ಐಸ್ ಡಬ್ಬಿ ಬಿಡಬೇಡಿ. ರಾತ್ರಿ 4 ಡಿಗ್ರಿಯಲ್ಲಿಟ್ಟು ಬೆಳಿಗ್ಗೆ ದ್ರಾವಣ ಬಸಿದು ಮೈನಸ್ 80ಕ್ಕೆ. ಅದೇ ಗಡ್ಡೆಯ ಪಕ್ಕದ ಚೂರನ್ನು ಪೆಥಾಲಜಿಗೆ ಕೊಟ್ಟು ಅದರಲ್ಲಿ ಕ್ಯಾನ್ಸರ್ ಸೆಲ್ ಎಷ್ಟು ಭಾಗ ಎಂದು ಬರೆಸಿಕೊಳ್ಳಿ. ಬಾಯಿಯ ಗಡ್ಡೆ ಎಂದು ತಂದದ್ದರಲ್ಲಿ ಅರ್ಧ ಸ್ನಾಯು ಇದ್ದರೆ ಜೀನಿನ ಪ್ರಮಾಣ ಅಳೆಯುವ ಕ್ಯೂಪಿಸಿಆರ್ ಸ್ನಾಯುವಿನ ಕಥೆ ಹೇಳುತ್ತದೆ.

---

ಬೀದರಕೋಟೆ:

ಹೈದರಾಬಾದಿಗೆ ಹೋಗ್ರಿ, ಆದ್ರ ಎರಡು ಕರಾರಿನ ಮ್ಯಾಲ. ಒಂದು, ಕೆಲಸ ಏನಂತ ಸೇರೋಕಿಂತ ಮೊದಲ ಕೇಳ್ರಿ. ಬರೇ ಮೀಡಿಯಂ ಮಾಡೋದು, ಬಿಲ್ ನೋಡೋದು ಇದ್ರ ವರ್ಷ ಹೋಗ್ತದ, ಕೈ ಕಲಿಯಂಗಿಲ್ಲ. ಎರಡು, ನೆಟ್ ದಿನಾಂಕಕ್ಕ ಮುಂಚೆ ತಿಂಗಳು ರಜಾ ಸಿಗ್ತದೋ ಇಲ್ಲೋ ಬಾಯಿ ಮಾತಿಗಾದ್ರೂ ಒಪ್ಪಿಸ್ಕೋರಿ. ಸಿಸಿಎಂಬಿ, ಸಿಡಿಎಫ್‌ಡಿ, ಹೈದರಾಬಾದ್ ವಿಶ್ವವಿದ್ಯಾಲಯ ಮೂರೂ ಒಂದೇ ಊರಾಗ ಅವ, ಬೆಂಗಳೂರಿನ ಅರ್ಧ ದಾರಿನೂ ಅಲ್ಲ ಅದು ನಮಗ. ಹೊಸ ಶಿಫಾರಸು ಪತ್ರನೂ ಅಲ್ಲಿಂದ ಸಿಗ್ತದ.

ಗೈಡ್ ನೋಡುವಾಗ ವೆಬ್‌ಸೈಟ್ ನೋಡ್ಬ್ಯಾಡ್ರಿ, ಕಳೆದ ಐದು ವರ್ಷದಾಗ ಯಾರ‍್ಯಾರು ಮುಗ್ಸ್ಯಾರ, ಎಷ್ಟು ವರ್ಷಕ್ಕ, ಪ್ರಬಂಧದಾಗ ಮೊದಲ ಹೆಸರು ವಿದ್ಯಾರ್ಥಿದೋ ಬ್ಯಾರೆಯವ್ರದೋ ನೋಡ್ರಿ. ಈಗಿನ ವಿದ್ಯಾರ್ಥಿಗಳ ಹತ್ರ ಚಹಾ ಕುಡೀತಾ ಕೇಳ್ರಿ: ಆಂಟಿಬಾಡಿ ಆರ್ಡರ್ ಹಾಕಿದ್ರ ಎಷ್ಟು ದಿನಕ್ಕ ಬರ್ತದ? ಮೂರು ತಿಂಗಳು ಅಂದ್ರ ನಿಮ್ಮ ಪಿಎಚ್‌ಡಿ ಲೆಕ್ಕ ಅದರ ಮ್ಯಾಲೇ ಹಾಕ್ಕೋರಿ.

ಸಂದರ್ಶನದಾಗ ಭಾಳ ಮಂದಿ ಬೀಳೋದು ಸಣ್ಣ ಪ್ರಶ್ನೆಗೆ. "ಪಿ53 ವೆಸ್ಟರ್ನ್ ಮಾಡ್ದಿ, ಹೀಲಾದಾಗ ಬ್ಯಾಂಡ್ ಮಸುಕು, ಮ್ಯೂಟೆಂಟ್ ಇರೋ ಎಂಡಿಎ-ಎಂಬಿ-231 ಸೆಲ್‌ದಾಗ ದಟ್ಟ. ಯಾಕ?" ಪಿ53 ಜಾಸ್ತಿ ಇದ್ರ ಸೆಲ್‌ಗೆ ಚಲೋ ಅಂತ ಹೇಳಿ ಕೆಡ್ತಾರ. ಮ್ಯೂಟೆಂಟ್ ಪಿ53 ತನ್ನನ್ನ ತಾನೇ ಒಡೆಸೋ ಎಂಡಿಎಂ2 ಪ್ರೋಟೀನನ್ನ ಎಬ್ಬಿಸಂಗಿಲ್ಲ, ಅದಕ್ಕ ರಾಶಿ ಬೀಳ್ತದ, ಕೆಲಸ ಮಾತ್ರ ಮಾಡಂಗಿಲ್ಲ. ಇನ್ನೊಂದು: ಎಸ್‌ಐಆರ್‌ಎನ್‌ಎ ಹಾಕಿ ಜೀನ್ ಇಳಿಸಿದ್ರಿ, ಸೆಲ್ ಸತ್ತವು, ಆ ಜೀನ್‌ದಿಂದಲೇ ಅಂತ ಹೆಂಗ ಹೇಳ್ತೀರಿ? ಎರಡು ಬ್ಯಾರೆ ಬ್ಯಾರೆ ಎಸ್‌ಐಆರ್‌ಎನ್‌ಎ ಒಂದೇ ಫಲ ಕೊಡ್ಬೇಕು, ಆಮ್ಯಾಲ ಅವು ಹಿಡಿಲಾರದಂಗ ಬದಲಿಸಿದ ಜೀನ್ ವಾಪಸ್ ಹಾಕಿದ್ರ ಸೆಲ್ ಉಳೀಬೇಕು. ಇಷ್ಟು ಹೇಳಿದವ್ರಿಗೆ ಮುಂದಿನ ಪ್ರಶ್ನೆ ಮೆತ್ತಗ ಬರ್ತದ.

ಪಿಎಚ್‌ಡಿ ಆದಮ್ಯಾಲಿನ ಮಾತು ಈಗ ಬ್ಯಾಡ, ಹೆಸರು ಮಾತ್ರ ಗೊತ್ತಿರ್ಲಿ: ಎಎನ್‌ಆರ್‌ಎಫ್‌ದ ರಾಷ್ಟ್ರೀಯ ಪೋಸ್ಟ್‌ಡಾಕ್, ಇಂಡಿಯಾ ಅಲಯನ್ಸ್‌ದ ಅರ್ಲಿ ಕರಿಯರ್ ಫೆಲೋಶಿಪ್, ಪರದೇಶದಿಂದ ವಾಪಸ್ ಬರೋರಿಗೆ ರಾಮಲಿಂಗಸ್ವಾಮಿ.

---

ಸುರಪುರದವ:

ಒಂದು ಬಿಟ್ಟಿದ್ದೆ. ಕ್ಯೂಪಿಸಿಆರ್ ಮಾಡೋ ಮುಂದ ಹೋಲಿಕಿಗೆ (ರೆಫರೆನ್ಸ್) ಬರೇ ಜಿಎಪಿಡಿಎಚ್ ಜೀನ್ ನಂಬ್ಬ್ಯಾಡ್ರಿ, ಗಡ್ಡೆಯೊಳಗ ಸಕ್ಕರಿ ಒಡೆಯೋ ಕೆಲಸ ಜೋರು ಇರ್ತದ, ಅದೇ ಏರಿರ್ತದ. ಇನ್ನೊಂದು ಎರಡು ರೆಫರೆನ್ಸ್ ಜೀನ್ ಇಟ್ಕೋರಿ. ಪ್ರೈಮರಿನ ಸ್ಟ್ಯಾಂಡರ್ಡ್ ಕರ್ವ್ ಇಳಿಜಾರು ಮೈನಸ್ 3.1ರಿಂದ ಮೈನಸ್ 3.6ರ ಒಳಗ ಬರ್ಲಿಲ್ಲಂದ್ರ ಆ ಪ್ರೈಮರ್ ಬಿಸಾಕ್ರಿ, ಡೇಟಾ ತಿದ್ದಲಿಕ್ಕೆ ಕೂಡ್ಬ್ಯಾಡ್ರಿ.

---

ಶಹಾಬಾದಿಕಲ್ಲು:

ಕ್ಯಾಸ್ಪ್8, ಕ್ಯಾಲ್-27, ಸಿಸ್‌ಪ್ಲಾಟಿನ್ ಅಂತ ಒಂದು ಪುಟ ಬರೆದು ಗೈಡ್ ಸರ್ ಮುಂದ ಇಡ್ತೀನಿ. ಕೆಬಿ ತೆಗೆದು ಹಾಕೀನಿ. ನೆಟ್ ಫಾರಂ ಈ ಸಲನೂ ತುಂಬ್ತೀನಿ, ಸಿ ಭಾಗದಿಂದ ಶುರು.

---

ಪಿಪೆಟ್ಟಮ್ಮ:

ಬರೆಯುವ ಮೊದಲು ಕ್ಯಾಲ್-27ರಲ್ಲಿ ಕ್ಯಾಸ್ಪ್8 ಸರಿ ಇದೆಯೋ ಕೆಟ್ಟಿದೆಯೋ ಡೆಪ್‌ಮ್ಯಾಪ್‌ನಲ್ಲಿ ನೋಡಿಕೊಳ್ಳಿ. ಸರಿ ಇದ್ದರೆ ಅದನ್ನು ಜೀನ್ ಕತ್ತರಿಸುವ ಕ್ರಿಸ್ಪರ್‌ನಿಂದ ಕೆಡಿಸಿ ಮೂಲ ಸೆಲ್ ಪಕ್ಕದಲ್ಲಿ ಇಡಬೇಕು, ಆಗಲೇ ಕಂಟ್ರೋಲ್ ಆಗುತ್ತದೆ.